ಅರಸನ ಅಗಲದ ದೋಣಿ

ಬಹಳ ಹಿಂದೆ, ಮೃಗಗಳಿಗೂ ಮನುಷ್ಯರಿಗೂ ಒಂದೇ ಭಾಷೆ ಇದ್ದ ಕಾಲದಲ್ಲಿ, ನೀರಾವತಿ ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ರಸ್ತೆಗಳಿರಲಿಲ್ಲ. ಮೇಲಿನ ಕೆರೆಯಿಂದ ಕೆಳಗಿನ ಕಡಲವರೆಗೆ ಒಂದೇ ಒಂದು ಕಾಲುವೆ ಇತ್ತು. ಕಡಲಿನ ಉಪ್ಪು ಆ ಕಾಲುವೆಯಲ್ಲೇ ಮೇಲೆ ಹೋಗಬೇಕು, ಮೇಲಿನ ಭತ್ತ ಆ ಕಾಲುವೆಯಲ್ಲೇ ಕೆಳಗೆ ಬರಬೇಕು. ಕಾಲುವೆಯ ಅಗಲ ಇಪ್ಪತ್ತು ಮೊಳ. ದೋಣಿಗಳ ಅಗಲ ಐದು ಮೊಳ. ಹೋಗುವವರು ಹೋಗುತ್ತಿದ್ದರು, ಬರುವವರು ಬರುತ್ತಿದ್ದರು, ಯಾರ ದೋಣಿಯೂ ಯಾರದಕ್ಕೂ ತಾಗುತ್ತಿರಲಿಲ್ಲ.

ಆ ದೋಣಿಗಳನ್ನು ಕಟ್ಟುತ್ತಿದ್ದವನು ಸಿಂಗೋಜ. ಚಿಕ್ಕಂದಿನಲ್ಲೇ ತಂದೆ ತಾಯಿ ತೀರಿಕೊಂಡಿದ್ದರು. ಅಕ್ಕ ಮಾಚವ್ವೆ ಉಪ್ಪಿನ ದೋಣಿ ನಡೆಸಿ ಅವನನ್ನು ಸಾಕಿದ್ದಳು. ಕೆಲಸ ಕಲಿತ ಮೇಲೆ ಅವನು ಕಟ್ಟಿದ ಮೊದಲ ದೋಣಿ ಅಕ್ಕನದೇ. ಈಗ ಅವಳ ಮಗಳು ಚಂದವ್ವೆಯೂ ದೊಡ್ಡವಳಾಗಿ, ತಾಯಿಯ ಜತೆ ಸರದಿಯಲ್ಲಿ ಅದೇ ದೋಣಿ ನಡೆಸುತ್ತಿದ್ದಳು.

ಸಿಂಗೋಜನ ಕೈ ಅಂಥಿಂಥ ಕೈಯಲ್ಲ. ಅವನು ಕೂಡಿಸಿದ ಎರಡು ಹಲಗೆಯ ನಡುವೆ ಇರುವೆಯ ಮೀಸೆ ಕೂಡ ತೂರುತ್ತಿರಲಿಲ್ಲ. ಆದರೆ ಅವನ ಮನಸ್ಸಿಗೆ ನೆಮ್ಮದಿ ಇರಲಿಲ್ಲ.

"ಉಪ್ಪು ತುಂಬೋ ತೊಟ್ಟಿ ಕಟ್ಟೋಕೆ ನನ್ನ ಕೈ ಯಾಕೆ ಬೇಕಿತ್ತು ಅಕ್ಕಾ?" ಎನ್ನುತ್ತಿದ್ದ.

"ತೊಟ್ಟಿ ಸೋರದಿದ್ದರೆ ಊರು ಉಣ್ಣುತ್ತೆ. ಅದು ಸಾಲದೇನೋ?" ಎನ್ನುತ್ತಿದ್ದಳು ಮಾಚವ್ವೆ.

ಅವನಿಗೆ ಅದು ಸಾಲುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಅರಸ ರಾಚರಸ ಅವನನ್ನು ಕರೆಸಿದ.

"ಸಿಂಗೋಜ, ನನ್ನ ಅಜ್ಜ ಐದು ಮೊಳದ ದೋಣಿಯಲ್ಲಿ ಮಂಡಿ ಮಡಚಿಕೊಂಡು ಕೂತ. ನನ್ನ ಅಪ್ಪನೂ ಹಾಗೇ ಕೂತ. ನಾನು ಹಾಗೆ ಕೂರುವುದಿಲ್ಲ. ನನಗೆ ಅರಮನೆಯಂಥ ದೋಣಿ ಬೇಕು. ಕಾಲು ಚಾಚಿ ಮಲಗಬೇಕು, ಮಗ್ಗುಲು ಬದಲಿಸಿದರೆ ದೋಣಿ ವಾಲಬಾರದು. ತಾಮ್ರದ ಹಂಡೆಯ ಬಚ್ಚಲು ಬೇಕು. ಎರಡು ಒಲೆಯ ಅಡಿಗೆಮನೆ ಬೇಕು. ರಾಣಿಗೆ ಉಯ್ಯಾಲೆಯ ಚಾವಡಿ ಬೇಕು, ನನಗೆ ಕನ್ನಡಿಯ ಕೋಣೆ ಬೇಕು."

ಸಿಂಗೋಜನ ಎದೆ ಹಿಗ್ಗಿತು. "ಅಗಲ ಎಷ್ಟಿರಲಿ ಮಹಾಪ್ರಭು?"

"ಹನ್ನೆರಡು ಮೊಳ."

ಹನ್ನೆರಡು ಮೊಳದ ದೋಣಿಯನ್ನು ಆ ನಾಡಿನಲ್ಲಿ ಯಾರೂ ಕಂಡಿರಲಿಲ್ಲ. ಸಿಂಗೋಜ ಮನೆಗೆ ಬಂದು ಬೆಂಡಿನಲ್ಲಿ ಅಂಗೈಯಗಲದ ದೋಣಿ ಮಾಡಿ ಅರಸನಿಗೆ ತೋರಿಸಿದ. ಬಚ್ಚಲು ಹಿಂದಕ್ಕೆ ಹೋಗಲಿ ಎಂದ ಅರಸ. ಎರಡನೆಯದು ಮಾಡಿ ತೋರಿಸಿದ. ಬಚ್ಚಲು ಮುಂದೆಯೇ ಇರಲಿ, ಉಯ್ಯಾಲೆ ಎರಡಿರಲಿ ಎಂದ. ಮೂರನೆಯದು ಮಾಡಿ ತೋರಿಸಿದಾಗ ಅರಸ ಒಪ್ಪಿ ತಲೆಯಾಡಿಸಿ ಹಿಂದಕ್ಕೆ ತಿರುಗಿ ನೋಡಿದ.

ಅರಸನ ಹಿಂದೆ ಆಸ್ಥಾನದ ಮಾಂತ್ರಿಕ ಧೂಮಸಿದ್ಧ ನಿಂತಿದ್ದ. ತೆಳ್ಳಗಿನ, ಬೂದಿಬಣ್ಣದ, ಒಣ ಪಾದಗಳ ಮನುಷ್ಯ. ಅವನು ಕಾಲುವೆಯ ಹತ್ತಿರ ಬಂದದ್ದನ್ನು ಯಾರೂ ನೋಡಿರಲಿಲ್ಲ.

"ಸಾಮಾನ್ಯ ಮರ ಈ ಅಗಲವನ್ನು ತಾಳದು," ಎಂದ ಧೂಮಸಿದ್ಧ. "ಮೂರು ವಸ್ತು ಬೇಕು. ಪಡುವಣ ಕಾಡಿನ ಒಂಟಿಮರದ ಹಲಗೆ ಬೇಕು. ಮೇಲಿನ ಕೆರೆಯ ತಳದ ತಾಮ್ರದ ಮೊಳೆ ಬೇಕು. ಸಂದು ಮುಚ್ಚಲು ಕಡಲಂಚಿನ ಗವಿಯ ಕರಿ ರಾಳ ಬೇಕು. ಅವನ್ನು ತರುವ ಎದೆ ಇದ್ದರೆ ಕಟ್ಟು. ಇಲ್ಲದಿದ್ದರೆ ಬೇರೆ ಆಚಾರಿಯನ್ನು ಹುಡುಕೋಣ."

"ಬೇರೆಯವರು ಬೇಡ. ನಾನು ತರುತ್ತೇನೆ," ಎಂದ ಸಿಂಗೋಜ.

ಮೊದಲು ಅವನು ಪಡುವಣ ಕಾಡಿಗೆ ಹೋದ. ಮೂರು ಹಗಲು ನಡೆದು ಒಂಟಿಮರ ಕಂಡ. ಮರದ ಸೀಳಿನಲ್ಲಿ ಒಂದು ಮುದಿ ಹುಲಿಯ ಪಂಜ ಸಿಕ್ಕಿಕೊಂಡಿತ್ತು. ನೂರು ವರ್ಷದಿಂದ ಅದು ಹಾಗೇ ನಿಂತು ಮರ ಕಾಯುತ್ತಿತ್ತು. ಸಿಂಗೋಜ ಹೆದರಲಿಲ್ಲ. ಬೆಣೆ ಹೊಡೆದು ಸೀಳನ್ನು ಅಗಲಿಸಿ ಪಂಜ ಬಿಡಿಸಿದ.

"ಕೇಳು, ಏನು ಬೇಕು?" ಎಂದಿತು ಹುಲಿ.

"ಈ ಮರ ಬೇಕು."

"ಯಾರಿಗಾಗಿ?"

"ಅರಸರಿಗಾಗಿ."

ಹುಲಿ ಪಂಜ ನೆಕ್ಕಿಕೊಂಡು ಹೇಳಿತು: "ಕಡಿ. ಆದರೆ ತಿಳಿದು ಕಡಿ. ಈ ಮರ ಕಡಿದ ಮೇಲೂ ಸಾಯುವುದಿಲ್ಲ. 'ಇನ್ನೂ ಬೇಕು' ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಬೆಳೆಯುತ್ತದೆ. ನಿನ್ನ ಅರಸ ಆ ಮಾತು ಆಡದವನೋ?"

ಸಿಂಗೋಜ ಕೊಡಲಿ ಎತ್ತಿ ಮರ ಕಡಿದ.

ಎರಡನೆಯದಾಗಿ ಮೇಲಿನ ಕೆರೆಗೆ ಹೋದ. ಮೂರು ಬಾರಿ ಮುಳುಗಿ ತಳ ಕಂಡ. ಅಲ್ಲಿ ಗಾಡಿಯಷ್ಟು ದೊಡ್ಡ ಆಮೆ ಮಲಗಿತ್ತು. ಅದರ ಚಿಪ್ಪು ಬಿರುಕು ಬಿಟ್ಟು ಒಳಗೆಲ್ಲ ಕೆಸರು ತುಂಬಿತ್ತು. ಸಿಂಗೋಜ ಅದನ್ನು ದಡಕ್ಕೆ ಕರೆದು, ಬಿರುಕಿಗೆ ನಾರು ತುರುಕಿ, ದೋಣಿಯ ಸಂದು ಮುಚ್ಚುವ ಹಾಗೆ ಮುಚ್ಚಿದ.

"ಕೇಳು, ಏನು ಬೇಕು?" ಎಂದಿತು ಆಮೆ.

"ನಿನ್ನ ಹೊಟ್ಟೆಯಡಿಯ ತಾಮ್ರದ ಮೊಳೆ ಬೇಕು."

"ಯಾರಿಗಾಗಿ?"

"ನಾಡಿನ ಕೀರ್ತಿಗಾಗಿ."

"ತಗೋ. ಆದರೆ ತಿಳಿದು ತಗೋ. ಈ ಮೊಳೆಯನ್ನು ಹೊಡೆದ ಕೈಯೇ ಕೀಳಬೇಕು, ಬೇರೆ ಯಾವ ಕೈಗೂ ಬಾರದು. ಆಮೇಲೆ ನೀನು ಬೇರೆ ಯಾರನ್ನೂ ನೆರವಿಗೆ ಕರೆಯಲಾರೆ."

ಸಿಂಗೋಜ ಏಳುನೂರು ಮೊಳೆ ಹೊತ್ತು ತಂದ.

ಮೂರನೆಯದಾಗಿ ಕಡಲಂಚಿನ ಗವಿಗೆ ಹೋದ. ಅಲ್ಲಿ ಹಲ್ಲೆಲ್ಲ ಉದುರಿದ ಮೊಸಳೆಯೊಂದು ಪಾಚಿ ಚೀಪುತ್ತ ಬಿದ್ದಿತ್ತು. ಸಿಂಗೋಜ ಗಟ್ಟಿ ಮರದಲ್ಲಿ ಅರುವತ್ತು ಹಲ್ಲು ಕೆತ್ತಿ ಅದರ ಬಾಯಲ್ಲಿ ಕೂರಿಸಿದ. ಮೊಸಳೆ ಬಾಯಿ ಮುಚ್ಚಿ ತೆರೆದು ನೋಡಿತು. ಅದು ಅವನನ್ನೇ ತಿನ್ನಬಹುದಿತ್ತು, ಆದರೆ ತಿನ್ನಲಿಲ್ಲ.

"ಕೇಳು, ಏನು ಬೇಕು?"

"ಕರಿ ರಾಳ ಬೇಕು."

"ಯಾರಿಗಾಗಿ?"

ಸಿಂಗೋಜ ಈ ಸಲ ನಿಜ ಹೇಳಿದ. "ನನಗಾಗಿ. ಇಂಥ ದೋಣಿ ಕಟ್ಟಿದವನು ನಾನೊಬ್ಬನೇ ಆಗಬೇಕು."

"ನಿಜ ಹೇಳಿದೆಯಲ್ಲ, ನಾನೂ ನಿಜ ಹೇಳುತ್ತೇನೆ," ಎಂದಿತು ಮೊಸಳೆ. "ಈ ರಾಳ ಬಳಿದ ದೋಣಿ ಎರಡೂ ದಡ ಮುಟ್ಟಿತು ಅಂದರೆ ಕಾಲುವೆಯ ನೀರು ನಿದ್ದೆ ಹೋಗುತ್ತದೆ. ನೀರು ನಿದ್ದೆ ಹೋಗಲಿ ಎಂದು ಕಾಯುವವನು ಈ ನಾಡಿನಲ್ಲಿ ಒಬ್ಬನಿದ್ದಾನೆ. ಹರಿವ ನೀರು ತಾಗಿದರೆ ಅವನು ಕರಗಿಹೋಗುತ್ತಾನೆ, ಅದಕ್ಕೇ ಬಾಲ ಮುದುರಿಕೊಂಡಿದ್ದಾನೆ. ನಿನ್ನನ್ನು ಕಳಿಸಿದವರು ಯಾರು?"

ಸಿಂಗೋಜನಿಗೆ ಧೂಮಸಿದ್ಧನ ಒಣ ಪಾದಗಳು ನೆನಪಾದವು. ಆದರೆ ಕಾಲುವೆ ಇಪ್ಪತ್ತು ಮೊಳ, ದೋಣಿ ಹನ್ನೆರಡು ಮೊಳ, ಇನ್ನೂ ಎಂಟು ಮೊಳ ಉಳಿಯುತ್ತದಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ರಾಳದ ಗಡಿಗೆ ಎತ್ತಿಕೊಂಡು ಬಂದ.

ಹನ್ನೊಂದು ತಿಂಗಳು ಅವನು ದೋಣಿ ಕಟ್ಟಿದ. ಒಬ್ಬನೇ ಕಟ್ಟಿದ, ಒಂದು ಮೊಳೆಯನ್ನೂ ಬೇರೆಯವರ ಕೈಗೆ ಕೊಡಲಿಲ್ಲ. ಬಾಗಿಲ ಮೇಲೆ ಮಲ್ಲಿಗೆಯ ಬಳ್ಳಿ ಕೆತ್ತಿದ. ಕಿಟಕಿಗಳು ಬೆರಳು ತಾಗಿದರೆ ಸರಿಯುತ್ತಿದ್ದವು. ಉಯ್ಯಾಲೆ ತೂಗಿದರೆ ಕಿರ್ ಎನ್ನುತ್ತಿರಲಿಲ್ಲ. ಕೆಲಸ ಮುಗಿಯುವ ಹೊತ್ತಿಗೆ ಮಾಚವ್ವೆ ನೋಡಲು ಬಂದಳು. ಒಂದು ತುದಿಯಿಂದ ಇನ್ನೊಂದು ತುದಿಗೆ ಬರಿಗಾಲಲ್ಲಿ ನಡೆದಳು. ಬಾಗಿಲ ಬಳ್ಳಿಯನ್ನು ಸವರಿದಳು.

"ಅಪ್ಪ ಇದನ್ನ ನೋಡಬೇಕಿತ್ತು ಕಣೋ," ಎಂದಳು. ಅವಳ ಕಣ್ಣು ತುಂಬಿತ್ತು.

ಅಕ್ಕನ ಮುಂದೆ ಸಿಂಗೋಜನಿಗೆ ಸುಳ್ಳು ಬರುತ್ತಿರಲಿಲ್ಲ. ಹುಲಿ ಹೇಳಿದ್ದು, ಆಮೆ ಹೇಳಿದ್ದು, ಮೊಸಳೆ ಹೇಳಿದ್ದು, ಮೂರನ್ನೂ ಹೇಳಿಬಿಟ್ಟ.

ಮಾಚವ್ವೆ ಬಾಗಿಲಿಂದ ಕೈ ತೆಗೆದಳು. "ಅರಸರಿಗೆ ಹೇಳಿದೆಯಾ?"

"ಇಲ್ಲ."

"ಯಾಕೆ?"

"ಹೇಳಿದ್ದರೆ ಕಟ್ಟಿಸುತ್ತಿರಲಿಲ್ಲ."

"ಇವತ್ತೇ ಹೋಗಿ ಹೇಳು ಸಿಂಗಾ," ಎಂದು ದೋಣಿಯಿಂದ ಇಳಿದು ಹೋದಳು. ಅವನು ಹೋಗಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡ. ನಾಳೆ ದೋಣಿ ನೀರಿಗೆ ಇಳಿಯುವ ದಿನವಾಗಿತ್ತು.

ದೋಣಿ ನೀರಿಗೆ ಇಳಿಯಿತು. ಜನ ಎರಡೂ ದಡದಲ್ಲಿ ನಿಂತು ನೋಡಿದರು. ಅರಸ, ರಾಣಿ, ಪರಿವಾರವೆಲ್ಲ ಅರಮನೆ ಬಿಟ್ಟು ದೋಣಿಗೆ ಬಂದರು. ಧೂಮಸಿದ್ಧನೂ ನೀರು ತಾಗದಂತೆ ಹಲಗೆಯ ಮೇಲೆ ನಡೆದು ಬಂದ. ಅರಸ ಕಾಲು ಚಾಚಿ ಮಲಗಿದ, ಮಗ್ಗುಲು ಬದಲಿಸಿದ, ದೋಣಿ ವಾಲಲಿಲ್ಲ. ಸಿಂಗೋಜನ ಕೊರಳಿಗೆ ತನ್ನ ಹಾರವನ್ನೇ ಹಾಕಿದ.

ಎಂಟು ದಿನ ಕಳೆಯಿತು. ಒಂಬತ್ತನೆಯ ದಿನ ಅರಸ, "ಬಚ್ಚಲು ಸ್ವಲ್ಪ ಚಿಕ್ಕದಾಯಿತು, ಇನ್ನೂ ಬೇಕು," ಎಂದ. ಮರ ಕೇಳಿಸಿಕೊಂಡಿತು. ಬೆಳಿಗ್ಗೆ ಎದ್ದು ನೋಡಿದರೆ ಬಚ್ಚಲು ದೊಡ್ಡದಾಗಿತ್ತು. ಅರಸನಿಗೆ ಆಶ್ಚರ್ಯ, ಆಮೇಲೆ ಸಂತೋಷ. ಸ್ವಲ್ಪ ದಿನ ಬಿಟ್ಟು ರಾಣಿ, "ಚಾವಡಿ ಇನ್ನೂ ಬೇಕು," ಎಂದಳು. ಚಾವಡಿಯೂ ಬೆಳೆಯಿತು. ಹನ್ನೆರಡು ಮೊಳ ಇದ್ದ ದೋಣಿ ಹದಿನಾಲ್ಕು ಮೊಳವಾಯಿತು. ದಿನವೂ ಏನಾದರೂ ಸರಿಪಡಿಸುವ ನೆಪದಲ್ಲಿ ಸಿಂಗೋಜ ದೋಣಿಯಲ್ಲೇ ಇದ್ದ. ದಿನವೂ ಅಳೆಯುತ್ತಿದ್ದ. ದಿನವೂ ಹೇಳಲೆಂದು ಬಾಯಿ ತೆರೆದು ಮುಚ್ಚುತ್ತಿದ್ದ.

ಅಗಲದ ದೋಣಿ ಒಂದು ದಡಕ್ಕೆ ಒರಗಿ ಮುಕ್ಕಾಲು ಕಾಲುವೆ ತುಂಬಿ ನಿಂತ ಮೇಲೆ ಉಪ್ಪಿನ ದೋಣಿಗಳು ಬರಲು ಹೆದರಿದವು. ಮೇಲಿನ ಊರುಗಳಲ್ಲಿ ಉಪ್ಪು ಮುಗಿಯಿತು. ಜನ ಸಪ್ಪೆ ಗಂಜಿ ಕುಡಿದರು. ದನಗಳು ಗೋಡೆ ನೆಕ್ಕಿದವು. ಆಗ ಮಾಚವ್ವೆ ಮಗಳನ್ನು ದಡದಲ್ಲಿ ಇಳಿಸಿ, "ಮೇಲಿನ ಕಟ್ಟೆಯ ಹತ್ತಿರ ಕಾಯ್ತಾ ಇರು," ಎಂದು ಒಬ್ಬಳೇ ಉಪ್ಪು ತುಂಬಿಕೊಂಡು ಹೊರಟಳು.

ನಡುಹಗಲು. ಸಿಂಗೋಜ ದೋಣಿಯ ಮೇಲಟ್ಟದಲ್ಲಿ ಬಾಗಿಲ ಹಿಡಿಕೆ ಉಜ್ಜುತ್ತಿದ್ದ. ಕೆಳಗೆ ಅಕ್ಕನ ಧ್ವನಿ ಕೇಳಿಸಿತು. ಕಾವಲುಗಾರ ಬಾಗಿ ನೋಡಿ, "ಆರು ಮೊಳ ಜಾಗ ಇದೆ, ಹೋಗಮ್ಮಾ," ಎಂದ. ಅವಳ ದೋಣಿ ಐದು ಮೊಳ. ಅವಳು ಗಳ ಊರಿ ನಿಧಾನವಾಗಿ ದೋಣಿಗೂ ದಡದ ಕಲ್ಲಿಗೂ ನಡುವೆ ಬಂದಳು. ತಲೆ ಎತ್ತಿ ತಮ್ಮನನ್ನು ನೋಡಿದಳು.

ಅದೇ ಹೊತ್ತಿಗೆ ಒಳಗೆ ಊಟಕ್ಕೆ ಕೂತಿದ್ದ ಅರಸ, "ಈ ಪಡಸಾಲೆ ಇಕ್ಕಟ್ಟಾಯಿತು. ಇನ್ನೂ ಬೇಕು," ಎಂದ.

ಮರ ಕೇಳಿಸಿಕೊಂಡಿತು. ದೋಣಿ ಎರಡು ಮೊಳ ಬೆಳೆಯಿತು.

ಸಿಂಗೋಜನಿಗೆ ಹಲಗೆ ಮುರಿದ ಸದ್ದು ಕೇಳಿಸಿತು. ಅವನೇ ಕಟ್ಟಿದ ಮೊದಲ ದೋಣಿ ಅದು. ಯಾವ ಹಲಗೆ ಮೊದಲು ಹೋಯಿತು, ಯಾವುದು ಆಮೇಲೆ ಹೋಯಿತು ಎಂದು ಅವನಿಗೆ ಸದ್ದಿನಲ್ಲೇ ತಿಳಿಯಿತು. ಹಗ್ಗ ಎಸೆದ, ತಾನೂ ಹಾರಿದ. ಅಕ್ಕನನ್ನು ದಡಕ್ಕೆ ಎಳೆದು ತರುವ ಹೊತ್ತಿಗೆ ಅವಳಲ್ಲಿ ಉಸಿರಿರಲಿಲ್ಲ. ಮೂಟೆಗಳು ಒಡೆದು ನೀರು ಬೆಳ್ಳಗಾಗಿತ್ತು.

ಒದ್ದೆ ಬಟ್ಟೆಯಲ್ಲೇ ಅವನು ಅರಸನ ಮುಂದೆ ನಿಂತ. ಅರಸ ಕೈ ತೊಳೆಯುತ್ತಿದ್ದ. ವಿಷಯ ಕೇಳಿ ನಿಜವಾಗಿಯೂ ಮರುಗಿದ.

"ಅಯ್ಯೋ ಪಾಪ. ಹೀಗಾಗಬಾರದಿತ್ತು. ಅವಳ ಹೆಸರಿನಲ್ಲಿ ಈ ದೋಣಿಗೆ ಒಂದು ಕೋಣೆ ಇನ್ನೂ ಬೇಕು, ಮಾಡಿಸೋಣ."

ದೋಣಿ ಮತ್ತೆ ಒಂದು ಮೊಳ ಬೆಳೆಯಿತು.

"ಆ ಮಾತು ಆಡಬೇಡಿ ಪ್ರಭು!" ಎಂದು ಸಿಂಗೋಜ ಕೂಗಿದ. ಹುಲಿ ಹೇಳಿದ್ದನ್ನು ಹೇಳಿದ. ಮೊಸಳೆ ಹೇಳಿದ್ದನ್ನು ಹೇಳಿ ಧೂಮಸಿದ್ಧನತ್ತ ಬೆರಳು ತೋರಿಸಿದ.

ಧೂಮಸಿದ್ಧ ನಕ್ಕ. "ಮಹಾಪ್ರಭು, ಇವನನ್ನು ಒಂದೇ ಮಾತು ಕೇಳಿ. ಇಷ್ಟೆಲ್ಲ ಗೊತ್ತಿದ್ದವನು ಯಾಕೆ ಕಟ್ಟಿದ?"

ಅರಸ ಸಿಂಗೋಜನನ್ನು ನೋಡಿದ. ಸಿಂಗೋಜ ತನ್ನ ಕೈಗಳನ್ನು ನೋಡಿಕೊಂಡ. "ಇವನನ್ನು ಕಟ್ಟಿಹಾಕಿ," ಎಂದ ಅರಸ.

ಆಗ ಧೂಮಸಿದ್ಧ ದೋಣಿಯ ಕಂಬವೊಂದಕ್ಕೆ ಬಾಯಿ ಹಚ್ಚಿ ಮೂರು ಬಾರಿ ಹೇಳಿದ: "ಇನ್ನೂ ಬೇಕು. ಇನ್ನೂ ಬೇಕು. ಇನ್ನೂ ಬೇಕು." ಮೂರು ಮೊಳ ಬೆಳೆದ ದೋಣಿ ಎರಡೂ ದಡಕ್ಕೆ ಒತ್ತಿ ನಿಂತಿತು. ಕಾಲುವೆಯ ನೀರು ನಿದ್ದೆ ಹೋಯಿತು. ಕೆರೆಯಿಂದ ಕಡಲವರೆಗೆ ಒಂದು ಅಲೆಯೂ ಏಳಲಿಲ್ಲ. ಮೀನುಗಳು ಇದ್ದಲ್ಲೇ ನಿಂತವು. ಧೂಮಸಿದ್ಧ ಹುಟ್ಟಿದಂದಿನಿಂದ ಮೊದಲ ಬಾರಿಗೆ ನೀರಿನ ಮೇಲೆ ಕಾಲಿಟ್ಟ, ನೆಲದ ಮೇಲೆ ನಡೆದಂತೆ ನಡೆದ. ತಿರುಗಿ ಬಂದು ಕಾವಲುಗಾರರನ್ನೆಲ್ಲ ಮರದ ಕಂಬ ಮಾಡಿ, ಅರಸನನ್ನೂ ರಾಣಿಯನ್ನೂ ಕನ್ನಡಿಯ ಕೋಣೆಗೆ ನೂಕಿ ಬೀಗ ಹಾಕಿದ. "ಸಾಕು, ಇನ್ನು ಬೇಡ," ಎಂದು ಅರಸ ಒಳಗಿನಿಂದ ಅರಚಿದ. ಆ ಮಾತು ಮರಕ್ಕೆ ತಿಳಿಯುತ್ತಿರಲಿಲ್ಲ.

ಧೂಮಸಿದ್ಧ ಸಿಂಗೋಜನ ಕಟ್ಟು ಬಿಚ್ಚಿದ. "ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಆಚಾರಿ. ನೀನಿಲ್ಲದೆ ಇದೆಲ್ಲ ಆಗುತ್ತಿರಲಿಲ್ಲ. ಈಗ ನನಗೊಂದು ಸಿಂಹಾಸನದ ಚಾವಡಿ ಕಟ್ಟಿಕೊಡು. ಯಾರೂ ಕಂಡಿರಬಾರದು, ಅಂಥದ್ದು."

ಸಿಂಗೋಜ ತಲೆ ತಗ್ಗಿಸಿ ಹೇಳಿದ: "ಕಟ್ಟುತ್ತೇನೆ. ಆದರೆ ಮೊದಲು ಹಳೆಯ ಮೊಳೆ ಕೀಳಬೇಕು."

"ಕೀಳು."

ಯಾವ ಮೊಳೆ ಗೋಡೆಯದು, ಯಾವ ಮೊಳೆ ದೋಣಿಯನ್ನೇ ಹಿಡಿದಿಟ್ಟ ಅಡಿಮರದ್ದು ಎಂದು ಮಾಂತ್ರಿಕನಿಗೆ ತಿಳಿಯುತ್ತಿರಲಿಲ್ಲ. ಕಟ್ಟಿಸುವವರಿಗೆ ಅದು ಎಂದೂ ತಿಳಿಯುವುದಿಲ್ಲ.

ಮೂರು ದಿನ ಸಿಂಗೋಜ ಮೊಳೆ ಕಿತ್ತ. ಚಿಮಟಕ್ಕೆ ಬರಲಿಲ್ಲ, ಬರಿಗೈಗೆ ಮಾತ್ರ ಬಂದವು. ಮೊದಲ ದಿನ ಉಗುರು ಹೋದವು. ಎರಡನೆಯ ದಿನ ಬೆರಳ ಚರ್ಮ ಸುಲಿಯಿತು. ಮೂರನೆಯ ದಿನ ಮೊಳೆ ಯಾವುದು ಮೂಳೆ ಯಾವುದು ಎಂದು ಕಾಣಿಸುತ್ತಿರಲಿಲ್ಲ. ಈ ದೋಣಿಯನ್ನು ದ್ವೇಷಿಸಬೇಕು ಎಂದು ಅವನು ಬಹಳ ಪ್ರಯತ್ನಪಟ್ಟ. ಆಗಲಿಲ್ಲ. ಪ್ರತಿ ಹಲಗೆಯೂ ಅಷ್ಟು ಚೆನ್ನಾಗಿ ಕೂತಿತ್ತು. ಅದೇ ಅವನಿಗೆ ಎಲ್ಲಕ್ಕಿಂತ ಕಹಿಯಾಯಿತು.

ಆ ಮೂರನೆಯ ದಿನ ಮಧ್ಯಾಹ್ನ ಧೂಮಸಿದ್ಧ ಎಂದಿನಂತೆ ಕಾಲುವೆಯ ಮೇಲೆ ತಿರುಗಾಡಲು ಹೋದ. ಸಿಂಗೋಜ ಕನ್ನಡಿಯ ಕೋಣೆಯ ಕದವನ್ನೇ ಕಳಚಿ ಅರಸನನ್ನೂ ರಾಣಿಯನ್ನೂ ದಡಕ್ಕೆ ಕಳಿಸಿದ. ಕಂಬವಾಗಿದ್ದ ಕಾವಲುಗಾರರನ್ನು ಒಬ್ಬೊಬ್ಬರನ್ನಾಗಿ ಹೊತ್ತು ಹೊರಗಿಟ್ಟ. ಆಮೇಲೆ ಅಡಿಮರದ ಕೊನೆಯ ಮೊಳೆ ಹಿಡಿದು ಎಳೆದ.

ದೋಣಿ ಬಿಚ್ಚಿಕೊಂಡಿತು. ಹಲಗೆಗಳು ಒಂದನ್ನೊಂದು ಬಿಟ್ಟು ಚದುರಿದವು. ನೀರಿಗೆ ಎಚ್ಚರವಾಯಿತು. ಧೂಮಸಿದ್ಧ ನಡುಗಾಲುವೆಯಲ್ಲಿದ್ದ. ಒಮ್ಮೆ ತನ್ನ ಕಾಲನ್ನು ನೋಡಿಕೊಂಡ, ಓಡಲು ನೋಡಿದ. ಮೊಣಕಾಲವರೆಗೆ ಕರಗಿದ, ಸೊಂಟದವರೆಗೆ ಕರಗಿದ, ಕೂಗು ಬಾಯಲ್ಲಿರುವಾಗಲೇ ಪೂರ್ತಿ ಕರಗಿಹೋದ. ದಡದಲ್ಲಿದ್ದ ಕಂಬಗಳು ಮನುಷ್ಯರಾಗಿ ಕಣ್ಣುಜ್ಜಿಕೊಂಡವು. ಮಲ್ಲಿಗೆಯ ಬಾಗಿಲು, ಉಯ್ಯಾಲೆ, ಕಿಟಕಿಗಳು ಎಲ್ಲವೂ ತೇಲಿ ಕಡಲಿಗೆ ಹೋದವು.

ಅರಸ ಸಭೆ ಕರೆದ. ಇನ್ನು ಮುಂದೆ ಯಾರ ದೋಣಿಯೂ, ತನ್ನದೂ ಸೇರಿ, ಐದು ಮೊಳ ಮೀರಬಾರದು ಎಂದು ಕಟ್ಟಳೆ ಮಾಡಿದ. ಮಾಂತ್ರಿಕನನ್ನು ಕೊಂದ ವೀರ ಎಂದು ಸಿಂಗೋಜನನ್ನು ಹೊಗಳಿದ. ಸಿಂಗೋಜ ಎದ್ದು ನಿಂತ.

"ನಾನು ವೀರನಲ್ಲ. ನನಗೆ ಮೂರು ಸಲ ಹೇಳಿದ್ದರು. ಕೇಳಿಯೂ ಕಟ್ಟಿದೆ. ನನ್ನ ಅಕ್ಕ ಸತ್ತದ್ದು ನನ್ನಿಂದ."

ಸಭೆಯಲ್ಲಿ ಒಬ್ಬ ಮುದುಕ, "ನೋಡಿ, ಎಂಥ ವಿನಯ," ಎಂದ. ಜನ ಚಪ್ಪಾಳೆ ತಟ್ಟಿದರು. ಅರಸನೊಬ್ಬನಿಗೆ ನಿಜ ಗೊತ್ತಿತ್ತು. ಅವನು ಬೇರೆ ಕಡೆ ನೋಡಿದ.

ಅದಾದ ಒಂದು ತಿಂಗಳಿಗೆ ಚಂದವ್ವೆ ಸಿಂಗೋಜ ದೋಣಿ ಕಟ್ಟುವ ಕೊಟ್ಟಿಗೆಗೆ ಬಂದಳು. ಅವನು ಎದ್ದು ಮಣೆ ಹಾಕಿದ. ಅವಳು ಕೂರಲಿಲ್ಲ.

"ನನಗೊಂದು ಉಪ್ಪಿನ ದೋಣಿ ಬೇಕು ಆಚಾರ್ರೇ," ಎಂದಳು. ಹುಟ್ಟಿದಂದಿನಿಂದ ಅವನನ್ನು ಮಾವ ಎಂದು ಕರೆದವಳು.

"ಕಟ್ಟಿಕೊಡ್ತೀನಿ ಮಗಳೇ."

"ಬೇರೆಯವರು ಕಟ್ಟಿದ್ದು ಸೋರುತ್ತೆ. ಅದಕ್ಕೇ ಬಂದೆ."

ಅವನು ಕೆಟ್ಟುಹೋದ ಬೆರಳುಗಳಿಂದ ನಾಲ್ಕು ತಿಂಗಳು ಹಿಡಿದು ಆ ದೋಣಿ ಕಟ್ಟಿದ. ಚಂದವ್ವೆ ಒಳಗಿಳಿದು ಸಂದುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ತಪ್ಪು ಸಿಗಲಿಲ್ಲ. ಗಳ ಊರಿ ಹೊರಟಳು. ಮೇಲಿನ ಊರುಗಳಿಗೆ ಮತ್ತೆ ಉಪ್ಪು ಬಂತು, ಕೆಳಗಿನ ಊರುಗಳಿಗೆ ಮತ್ತೆ ಭತ್ತ ಬಂತು. ಅರಸ ಮಂಡಿ ಮಡಚಿ ಕೂರಲು ಕಲಿತ. ಕಾಲುವೆ ಹರಿಯಿತು, ಮಕ್ಕಳು ಹುಟ್ಟಿದರು, ಹಸುಗಳು ಹಾಲು ಕೊಟ್ಟವು. ನೀರಾವತಿಯಲ್ಲಿ ಎಲ್ಲರೂ ಸುಖವಾಗಿದ್ದರು.

ಸಿಂಗೋಜನೂ ಬಹಳ ಕಾಲ ಇದ್ದ.